ಹೂವಿಗೆ ಮುಂಚೆ ಕೊಯ್ದ ಅಲಸಂದೆ

ಎಡಚಿ ವಾರಗಿತ್ತಿಗೆ,

ಸತ್ತವಳಿಗೆ ಯಾವ ವಿಳಾಸ ಬರೆಯಲಿ? ಬೇರೆಯವರಿಗೆ ಹೇಳಿದರೆ ಮುದುಕಿಗೆ ಅರಳುಮರಳು ಅಂದಾರು.

ಹಸುವಿಗೆ ಹಾಲು ಬತ್ತಿ, ಕರು ಏಳಲಾರದೆ ಬಿದ್ದಿತ್ತು. ನಿನ್ನೆ ದನದ ಡಾಕ್ಟರಮ್ಮ ಬಂದಳು. "ಅಜ್ಜಿ, ಬೇಸಿಗೆ ಮೇವಿಗೆ ಅಲಸಂದೆ ಹಾಕಿದ್ದು ಒಳ್ಳೇದೇ. ಆದ್ರೆ ಕಾಯಿ ಆಸೆಗೆ ಬಿಟ್ರೆ ಎಲೆ ಸತ್ವ ಇಳಿದು ದಂಟು ನಾರಾಗುತ್ತೆ. ಹೂ ಬಿಡೋ ಮುಂಚೆನೇ ಕೊಯ್ದು ಹಾಕಿ" ಅಂದಳು. ಬದುಕಿದ್ದಾಗ ನೀನು ಹೇಳುತ್ತಿದ್ದ ಮಾತೇ, ಒಂದಕ್ಷರ ಬದಲಿಲ್ಲ. "ಮೇವಿಗೂ ಮುಹೂರ್ತ ನೋಡ್ಬೇಕೇನೇ ತಾಯಿ?" ಎಂದು ನಿನ್ನ ಬಾಯಿ ಮುಚ್ಚಿಸಿದ ಹಾಗೆಯೇ ಅವಳನ್ನೂ ಸಾಗಹಾಕಿದೆ.

ಇಂದು ಬೆಳಿಗ್ಗೆ ನೋಡಿದರೆ ಅಲಸಂದೆಯ ಅರ್ಧ ಮಡಿ ಕೊಯ್ದಾಗಿತ್ತು. ಹೊರೆ ಕಟ್ಟಿದ ಬಳ್ಳಿಯ ಹೊಸೆತ ಎಡಕ್ಕಿತ್ತು, ನೀನು ಹೊಸೆಯುತ್ತಿದ್ದ ಹಾಗೆ.

"ನೀನೇ ಕೊಯ್ದು ಮರೆತಿದ್ದೀಯಮ್ಮ" ಎಂದು ಮಗ ನಕ್ಕ.

ಮರೆತಿರಬಹುದು. ಆದರೆ ನನ್ನ ಬಲಗೈ ಎಡಗೈ ಆದೀತೇ?

ಹಸು ಒಂದು ದಂಟೂ ಬಿಡದೆ ತಿಂದಿತು. ಸಂಜೆಗೆ ಕೆಚ್ಚಲು ತುಂಬಿತ್ತು. ಕರು ತಾನಾಗಿಯೇ ಎದ್ದು ಕುಡಿಯಿತು.

ಉಳಿದರ್ಧಕ್ಕೆ ನಾನು ಕೈ ಹಚ್ಚಿಲ್ಲ. ಕುಡುಗೋಲು ಮಸೆದು ಬದುವಿನ ಮೇಲೆ ಇಟ್ಟು ಬಂದಿದ್ದೇನೆ. ಈ ಸಲ ಕೊಯ್ದು ಸುಮ್ಮನೆ ಹೋಗಬೇಡ. ಕೊಟ್ಟಿಗೆಯಲ್ಲೇ ಮಲಗಿರುತ್ತೇನೆ, ಎಬ್ಬಿಸಿ ನಾಲ್ಕು ಮಾತು ಬೈದು ಹೋಗು.