ಮನೆಯವರ ಸಾಲು

ಬಫಲೋ,
ಡಿಸೆಂಬರ್, ಶನಿವಾರ

ಶ್ರೀಮತಿ ಗುರ್ಸ್ಕಿಯವರಿಗೆ,

ಮೆಟ್ಟಿಲ ಮೇಲಿನ ಹಿಮ ತೆಗೆದು, ಜಾರದಂತೆ ಉಪ್ಪು ಹಾಕಿದ್ದೇನೆ; ನೀವು ಸಲಿಕೆ ಮುಟ್ಟಬೇಡಿ. ಆಟದ ಹಿಂದಿನ ರಾತ್ರಿ ತಂಡದವರೆಲ್ಲ ಹೋಟೆಲಿನಲ್ಲೇ ಇರಬೇಕು, ಹಾಗಾಗಿ ಇವತ್ತು ಮನೆಗೆ ಬರುವುದಿಲ್ಲ.

ಇದರ ಜೊತೆ ನಾಳಿನ ಫುಟ್‌ಬಾಲ್ ಆಟದ ಎರಡು ಟಿಕೆಟ್ ಇಟ್ಟಿದ್ದೇನೆ. ಆಟಗಾರರ ಮನೆಯವರು ಕೂರುವ ಸಾಲಿನವು. ಅಮ್ಮ ತೀರಿಕೊಂಡ ಮೇಲೆ ನನ್ನ ಪಾಲಿನ ಟಿಕೆಟ್‌ಗಳನ್ನು ಬೇರೆಯವರ ನೆಂಟರಿಗೆ ಕೊಟ್ಟುಬಿಡುತ್ತಿದ್ದೆ. ನನ್ನ ಮಂಡಿ ನೋಡಿದ ಡಾಕ್ಟರು, ನಾಳೆಯದೇ ಕೊನೆಯ ಆಟವಾಗಲಿ ಎಂದಿದ್ದಾರೆ.

"ಅಲ್ಲಪ್ಪಾ, ಇಷ್ಟು ದೊಡ್ಡ ಆಳು, ಆಟದುದ್ದಕ್ಕೂ ಬರೀ ಜನರನ್ನ ತಳ್ತಾ ಇರ್ತೀಯಲ್ಲ! ನಿಂಗ್ಯಾರೂ ಚೆಂಡೇ ಕೊಡಲ್ವಾ?" ಎಂದು ಟೀವಿ ನೋಡಿ ರೇಗಿಸುತ್ತೀರಿ. ಟೈಟ್ ಎಂಡ್ ಜಾಗದಲ್ಲಿ ಆಡುವವನ ಕೆಲಸವೇ ಅದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವುದು. ಆದರೂ ಅಪರೂಪಕ್ಕೆ ನಮ್ಮ ಕೈಗೂ ಚೆಂಡು ಬರುತ್ತದೆ. ಹೋದ ವರ್ಷ ಬಂದಿತ್ತು; ಅದನ್ನು ಹಿಡಿದು ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದೆ. ಟಚ್‌ಡೌನ್ ಮಾಡಿದವರು ಓಡಿಹೋಗಿ ಆ ಚೆಂಡನ್ನು ಮನೆಯವರ ಕೈಗೆ ಕೊಡುವುದು ನಮ್ಮಲ್ಲಿ ರೂಢಿ. ಹಳೆಯ ಅಭ್ಯಾಸ ನೋಡಿ, ನಾನೂ ಆ ಸಾಲಿನವರೆಗೆ ಓಡಿದೆ. ಅಲ್ಲಿ ಒಂದು ಮುಖವೂ ನನಗೆ ಗೊತ್ತಿರಲಿಲ್ಲ. ವಾಪಸ್ ಬಂದು ಚೆಂಡನ್ನು ರೆಫರಿಗೆ ಕೊಟ್ಟೆ.

ದಪ್ಪ ಕಂಬಳಿ ತನ್ನಿ. ಇನ್ನೊಂದು ಸೀಟಿನ ಮೇಲೆ ನಿಮ್ಮ ಚೀಲ ಇಟ್ಟುಕೊಳ್ಳಿ. ಆಟ ಅರ್ಥವಾಗದಿದ್ದರೂ ಪರವಾಗಿಲ್ಲ. ನಾನು ಆ ಕಡೆ ಓಡಿ ಬಂದರೆ ಎದ್ದು ನಿಂತು ಕೈ ಚಾಚಿ, ಅಷ್ಟು ಸಾಕು.

ನಿಮ್ಮ ಮಹಡಿಯ ಬಾಡಿಗೆದಾರ,
ಕೋರ್ಡೆಲ್ ಪ್ರೂಯಿಟ್