ಬಾಣದ ಗುರುತು

ಮಾರ್ಚ್ ೩, ಬೆಳಿಗ್ಗೆ ೮
ನಲವತ್ತು ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸಿಯಾಯಿತು. ಜೆನೆಟಿಕ್ ಕೌನ್ಸೆಲಿಂಗ್ ಎಂ.ಎಸ್ಸಿ. ಅರ್ಜಿಗೆ ಇನ್ನು ಹದಿನೇಳು ದಿನ. ನಮ್ಮ ಆಸ್ಪತ್ರೆಯ ಕೌನ್ಸೆಲರ್ ಮೇಡಂ ತಾವಾಗಿಯೇ ಬಂದು, "ಅರ್ಜಿ ಜೊತೆ ಕಳಿಸೋ ಪ್ರಬಂಧ ತೋರಿಸಮ್ಮ, ತಿದ್ದಿಕೊಡ್ತೀನಿ" ಅಂದರು. ಪುಕ್ಕಟೆ. ಈ ಲ್ಯಾಬಿನಲ್ಲಿ ಒಂದು ಪೆನ್ನೂ ಪುಕ್ಕಟೆ ಸಿಗುವುದಿಲ್ಲ. ಏನೋ ಇದೆ.

ಮಾರ್ಚ್ ೫
ಪ್ರಬಂಧ ಅಣ್ಣನ ಬಗ್ಗೆ — ಸ್ನಾಯು ಸೋತು, ಹತ್ತೊಂಬತ್ತಕ್ಕೇ ಹೋದದ್ದು. ಮೇಡಂ ಓದಿ, ವಂಶವೃಕ್ಷ ಬರೆಸಿದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ (ಚೆನ್ನಾಗಿದೆ), ಕಾಯಿಲೆಯವರಿಗೆ ಕಪ್ಪು. ಬಸುರಿ ಅಕ್ಕನ ಕೆಳಗೆ, ಹುಟ್ಟಬೇಕಾದ ಮಗುವಿಗೆ ಒಂದು ಡೈಮಂಡ್ — ಗಂಡೋ ಹೆಣ್ಣೋ ಇನ್ನೂ ಗೊತ್ತಿಲ್ಲವಲ್ಲ. ಅಣ್ಣನ ಚೌಕ ತುಂಬಿಸಿ, ಇಡೀ ಕಥೆ ಅವನದೇ ಅಲ್ಲವೇ ಎಂದು ಪಕ್ಕದಲ್ಲಿ ಬಾಣ ಹಾಕಿದೆ.
"ಸೋದರಮಾವ ಹೇಗೆ ತೀರ್ಕೊಂಡ್ರು?"
"ಬಸ್ಸಿನಿಂದ ಬಿದ್ದು. ಚಿಕ್ಕ ವಯಸ್ಸಲ್ಲೇ."
"ಹೌದಾ" ಅಂದು ಹಾಳೆ ಜೆರಾಕ್ಸ್ ಮಾಡಿಕೊಂಡರು. ಪ್ರಬಂಧಕ್ಕೂ ಮಾವನಿಗೂ ಏನು ಸಂಬಂಧ?

ಮಾರ್ಚ್ ೬
ರಿಸೆಪ್ಷನ್ ಹುಡುಗಿ ಕಿವಿಯಲ್ಲಿ ಉಸುರಿದಳು: ಮೇಡಂ ಅವರ ಅಣ್ಣನ ಮಗಳೂ ಇದೇ ಕೋರ್ಸಿಗೆ ಅರ್ಜಿ ಹಾಕುತ್ತಿದ್ದಾಳೆ. ಅಂದುಕೊಂಡಿದ್ದೆ! ನಮ್ಮಣ್ಣನ ಸಾವು ಅವಳಿಗೆ ಬಂಡವಾಳ. ಇನ್ನೊಂದು ಸಾಲೂ ತೋರಿಸುವುದಿಲ್ಲ.

ಮಾರ್ಚ್ ೧೩
ವಾರವೆಲ್ಲ ತಲೆ ತಪ್ಪಿಸಿಕೊಂಡು ತಿರುಗಿದೆ. ಇಂದು ಕ್ಯಾಂಟೀನಿನಲ್ಲಿ ಸಿಕ್ಕಿಬಿದ್ದೆ. ಇದೆಲ್ಲ ನಿಮ್ಮಣ್ಣನ ಮಗಳಿಗಾಗಿ ತಾನೇ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ.
"ಅವಳಿಗೆ ಕೇಳೋಕೆ ಮನೆ ತುಂಬ ಡಾಕ್ಟ್ರಿದ್ದಾರೆ" ಅಂದರು ಮೇಡಂ. "ನಿನಗೆ ಯಾರಿದ್ದಾರೆ?"
ಜೆರಾಕ್ಸ್ ವಾಪಸ್ ಕೊಟ್ಟರು. ಅಣ್ಣನ ಬಾಣಕ್ಕೆ ವೈಟ್ನರ್ ಬಳಿದಿದೆ. ಬಾಣ ಈಗ ನನ್ನ ಸೊನ್ನೆಯ ಪಕ್ಕ.
"ಬಾಣ ಅಂದ್ರೆ ಸಲಹೆ ಕೇಳಿ ಬಂದವರು. ಬಂದಿದ್ದು ನೀನು, ನಿಮ್ಮಣ್ಣ ಅಲ್ಲ. ಮಾವನ ವಿಷಯ ಅಮ್ಮನ್ನ ಇನ್ನೊಂದ್ಸಲ ಕೇಳು."
ನಾಚಿಕೆಯಾಯಿತು. ಆದರೂ ಆ ಕೊನೆಯ ಮಾತು... ಇನ್ನು ಅಮ್ಮನನ್ನೂ ಅನುಮಾನಿಸಬೇಕೆ?

ಮಾರ್ಚ್ ೧೪, ಮಧ್ಯಾಹ್ನ ೨
ಹಾಳೆಯನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟಿದ್ದೆ. ಅಮ್ಮ ಬಟ್ಟೆ ಮಡಚುತ್ತ ನೋಡಿದಳು. ಕಪ್ಪು ಯಾಕೆ ಅಂದಳು. ಹೇಳಿದೆ. ಮಡಚಿದ್ದನ್ನೇ ಮತ್ತೆ ಮಡಚಿದಳು. ಆಮೇಲೆ ಮಾವನ ಚೌಕದ ಮೇಲೆ ಬೆರಳಿಟ್ಟಳು.
"ಇದನ್ನೂ ತುಂಬು. ಬಸ್ಸೂ ಇಲ್ಲ, ಏನೂ ಇಲ್ಲ. ಅವನೂ ಹತ್ತು ವರ್ಷಕ್ಕೇ ನಡೆಯೋದು ಬಿಟ್ಟ. ಹೇಳಿದ್ರೆ ನನ್ನ ಯಾರು ಮದುವೆ ಆಗ್ತಿದ್ರು?"
ಹಾಗಾದರೆ ಇದು ಅಮ್ಮನ ಕಡೆಯಿಂದ ಬಂದದ್ದು — ಹೊತ್ತು ತರುವವರು ಹೆಂಗಸರು, ಕಾಯಿಲೆ ಬೀಳುವವರು ಅವರ ಗಂಡುಮಕ್ಕಳು. ನನ್ನಲ್ಲೂ ಇರಬಹುದು. ಅಕ್ಕನಲ್ಲೂ. ಆ ಡೈಮಂಡ್ ಇನ್ನೂ ಖಾಲಿ ಇದೆ. ಭಯವಾಗುತ್ತಿದೆ.

೨.೪೦
ಅಕ್ಕನಿಗೆ ಫೋನ್ ಮಾಡಿದೆ. "ಏನೇ, ಅರ್ಜಿ ಹಾಕಿದ್ಯಾ? ಊರವರ ಮನೆ ಗುಟ್ಟೆಲ್ಲ ಕೇಳೋ ಕೆಲಸ ನಿನಗೆ" ಎಂದು ನಕ್ಕಳು. ಒಂದು ನಿಮಿಷ ಇರು ಅಂದೆ. ಲೈನಿನಲ್ಲೇ ಇದ್ದಾಳೆ. ಮೊದಲ ವಾಕ್ಯ ಇಲ್ಲೇ ಬರೆದುಕೊಂಡು ಓದಿಬಿಡುತ್ತೇನೆ —

ಅಕ್ಕಾ, ನಮ್ಮ ಮಾವ ಬಸ್ಸಿನಿಂದ