ಕಾಲು ಜೋಡಿಸಿ ಕೂತ ದೇವತೆ

ಕೆಂಟನ್, ಲಂಡನ್
ನವೆಂಬರ್ 9, 2025

ಅತ್ತೆಯವರಿಗೆ ಸೌಜನ್ಯಾಳ ನಮಸ್ಕಾರ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ದಿನಚರಿಯಲ್ಲಿ ದಿನಕ್ಕೆರಡು ಸಾಲು ಗೀಚುತ್ತೇನೆ, ಅಷ್ಟೇ. ಆದರೆ ಫೋನಿನಲ್ಲಿ ನಿಮ್ಮ ಸ್ವರ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಇಲ್ಲಿರುವ ಮಗಳು ಪ್ರಾಚಿಯ ಬಾಣಂತನಕ್ಕೆ ಮುಂದಿನ ತಿಂಗಳು ಬರುತ್ತೀರೆಂದು ನಿಮ್ಮ ಮಗ ಋಷಿಕೇಶ್ ಹೇಳಿದರು. ನೀವು ಮೈಸೂರು ಬಿಡುವ ಮೊದಲು ಇದು ಕೈಸೇರಲಿ.

ಈಚೆಗೆ ಹ್ಯಾರೋ ಲೈಬ್ರರಿಯ ಪುಸ್ತಕವೊಂದರಲ್ಲಿ ಐಲೀಥಿಯಾ ಎಂಬವಳ ವಿಷಯ ಓದಿದೆ. ಹಳೆಯ ಗ್ರೀಕರ ಹೆರಿಗೆಯ ದೇವತೆ. ಅವಳಿಗೆ ಗಡಿಗೆಯಲ್ಲಿ ಜೇನು ಒಪ್ಪಿಸುತ್ತಿದ್ದರಂತೆ. ಒಮ್ಮೆ ಒಬ್ಬ ಬಸುರಿಯ ಮೇಲೆ ದೊಡ್ಡ ದೇವಿಗೆ ಹೊಟ್ಟೆಕಿಚ್ಚಾಯಿತು. ಆ ದೇವಿಯ ಮಾತು ಕೇಳಿ ಐಲೀಥಿಯಾ ಬಸುರಿಯ ಬಾಗಿಲಲ್ಲಿ ಕಾಲು ಜೋಡಿಸಿ, ಕೈಬೆರಳು ಹೆಣೆದು ಕೂತಳು. ಹಾಗೆ ಕೂತಿರುವಷ್ಟು ಹೊತ್ತು ಮಗು ಹೊರಗೆ ಬರುವಂತಿಲ್ಲ. ಏಳು ದಿನ ನೋವು. ಕೊನೆಗೆ ಒಬ್ಬ ಆಳು ಹೆಂಗಸು ಮಗು ಹುಟ್ಟಿತೆಂದು ಸುಳ್ಳು ಕೂಗಿದಳು. ದೇವತೆ ಬೆಚ್ಚಿ ಎದ್ದಳು, ಬೆರಳು ಬಿಡಿಸಿಕೊಂಡವು, ಮಗು ನಿಜವಾಗಿ ಹುಟ್ಟಿತು.

ಪುಸ್ತಕ ಮುಚ್ಚಿ ಬಸ್ಸಿನಲ್ಲಿ ಕೂತಾಗ ನನ್ನ ಕಾಲುಗಳನ್ನೇ ನೋಡಿಕೊಂಡೆ.

ಎರಡು ವರ್ಷದ ಹಿಂದಿನ ಜನವರಿ ನಿಮಗೂ ನೆನಪಿರಬೇಕು. ಇವರು ಆಗಲೇ ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೊರಟುಹೋಗಿದ್ದರು. ಬೆಳಗ್ಗೆ ಆರೂವರೆಗೆ ನನಗೆ ಹೆರಿಗೆಯ ನೀರು ಒಡೆಯಿತು. ಆಸ್ಪತ್ರೆಗೆ ಫೋನ್ ಮಾಡುತ್ತೇನೆಂದೆ. ನೀವು ಊರಿನಿಂದ ತಂದಿದ್ದ ಪಂಚಾಂಗ ಬಿಡಿಸಿ, ಹನ್ನೊಂದು ಇಪ್ಪತ್ತರ ತನಕ ಮೂಲಾ ನಕ್ಷತ್ರವಿದೆ, ಆಮೇಲೆ ಹೊರಡೋಣ ಎಂದಿರಿ. ಮೂಲಾದಲ್ಲಿ ಹುಟ್ಟಿದ ಮಗು ತಂದೆಗೆ ಆಗದು ಎಂದಿರಿ. ಆಫೀಸಿನಿಂದ ಇವರು ಫೋನ್ ಮಾಡಿದಾಗ ನೋವು ಇನ್ನೂ ಶುರುವಾಗಿಲ್ಲವೆಂದು ನೀವೇ ಹೇಳಿದಿರಿ. ನನಗೆ ಹೇಳಿದ್ದು ಒಂದೇ ಮಾತು: "ಕಾಲು ಜೋಡಿಸ್ಕೊಂಡು ಕೂತಿರಮ್ಮ, ಸ್ವಲ್ಪ ತಡ್ಕೊ."

ನಾನು ಜೋಡಿಸಿದೆ. ಆ ಪಾಪ ನನ್ನದೂ ಹೌದು. ಹತ್ತು ಗಂಟೆಗೆ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತು. ಎರಡು ಗಂಟೆ ಮೊದಲು ಬಂದಿದ್ದರೆ ಉಳಿಸಬಹುದಿತ್ತೆಂದು ಡಾಕ್ಟರು ಹೇಳಿದರು. ನೀವು ಊರಿಗೆ ಹೋಗಿ ನೆಂಟರಿಗೆಲ್ಲ ಹೇಳಿದ್ದು, ಅವಳ ಹಣೆಬರಹ ಎಂದು. ಅದು ನನ್ನ ಕಿವಿಗೂ ಬಿತ್ತು.

ಹೋದ ವಾರ ಪ್ರಾಚಿಗೆ ಆ ಬೆಳಗ್ಗೆಯದ್ದೆಲ್ಲ ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ. "ಅತ್ತಿಗೆ, ಒಳಗೆ ನೀವೇ ಬನ್ನಿ. ಅಮ್ಮ ಬೇಡ" ಎಂದಳು. ಆಸ್ಪತ್ರೆಯ ಕಾಗದದಲ್ಲಿ ಹೆರಿಗೆಗೆ ಜೊತೆಗಿರುವವಳೆಂದು ನನ್ನ ಹೆಸರು ಬರೆಸಿದ್ದಾಳೆ. ನೋವು ಬಂದ ತಕ್ಷಣ ನನಗೆ ಫೋನ್ ಬರುತ್ತದೆ. ನಿಮಗೆ ಸುದ್ದಿ ಬರುವುದು ಮಗು ಅತ್ತ ಮೇಲೆ. ಹೆತ್ತ ಮಗಳೇ ನಿಮ್ಮನ್ನು ಬಾಗಿಲಾಚೆ ನಿಲ್ಲಿಸಿದಳೆಂದು ನಿಮಗೆ ಉರಿಯಬೇಕು. ಉರಿಯಲಿ ಎಂದೇ ಹೇಳಿದೆ.

ದೇವರ ಗೂಡಿನ ಪಕ್ಕದಲ್ಲಿ ಜೇನಿನ ಬಾಟಲಿಯೊಂದು ಇಟ್ಟಿದ್ದೇನೆ. ಬಂದಾಗ ಅದನ್ನು ಮುಟ್ಟಬೇಡಿ. ಅದು ಪ್ರಾಚಿಯ ಹೆಸರಿನಲ್ಲಿ ಇಟ್ಟದ್ದು.

ಬರಬೇಡಿ ಎನ್ನಲಾರೆ. ಬಂದರೆ ಪಂಚಾಂಗ ಅಲ್ಲೇ ಬಿಟ್ಟು ಬನ್ನಿ. ಪ್ರಾಚಿಗೆ ಒಂದು ಮಾತು ಬಿಟ್ಟು ಎಲ್ಲ ಹೇಳಿದ್ದೇನೆ. ಆ ಒಂದು ಮಾತನ್ನು ನಿಮಗೇ ಎಂದು ಎರಡು ವರ್ಷ ಕಾಪಾಡಿಕೊಂಡು ಬಂದಿದ್ದೇನೆ. ಈ ಮನೆಯಲ್ಲಿ ಇನ್ನೊಮ್ಮೆ ನೀವು ನಕ್ಷತ್ರ ನೋಡಿದ ದಿನ ಅವಳಿಗೂ ಹೇಳುತ್ತೇನೆ.

ನಿಮ್ಮ ಸೊಸೆ ಎಂದು ಬರೆಯಲು ಕೈ ಏಳುತ್ತಿಲ್ಲ,
ಪ್ರಾಚಿಯ ಅತ್ತಿಗೆ,
ಸೌಜನ್ಯಾ

ತಾ.ಕ.: ಆ ಒಂದು ಮಾತು ಇದು. ಪಂಚಾಂಗದ ಆ ಪುಟ ನನ್ನ ದಿನಚರಿಯಲ್ಲಿದೆ. ಹನ್ನೊಂದು ಇಪ್ಪತ್ತು ಎಂಬುದು ಮೈಸೂರಿನ ಗಡಿಯಾರದ ಹೊತ್ತು. ಇಲ್ಲಿ ಆಗ ಬೆಳಗ್ಗೆ ಐದು ಐವತ್ತು. ನೀವು ಕಾಲು ಜೋಡಿಸಿಕೋ ಎಂದಾಗ ಮೂಲಾ ಮುಗಿದು ಮುಕ್ಕಾಲು ಗಂಟೆಯಾಗಿತ್ತು.